ನೆರೆಹೊರೆಯ ಕಾಲೇಜುಗಳ ಹಂಚಿಕೆ ವ್ಯವಸ್ಥೆ: ಉಜಿರೆ, ಧಾರವಾಡ ಮತ್ತು ಹಗರಿಬೊಮ್ಮನಹಳ್ಳಿ ಭಾಗ

ಅಕ್ಕಪಕ್ಕದ ಕೆಲವು ಕಾಲೇಜುಗಳು ವಸತಿ ನಿಲಯ, ಗ್ರಂಥಾಲಯ, ಆಟದ ಮೈದಾನ, ಪ್ರಯೋಗಾಲಯ, ಆಸ್ಪತ್ರೆ ಮೊದಲಾದವುಗಳನ್ನು ಕೂಡಿ ಬಳಸುವ ಪದ್ಧತಿಗೆ ಈಗ ಕ್ಲಸ್ಟರ್ ಎಂಬ ಹೆಸರು ಬಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಹೆಸರು ಹೊಸದಾದರೂ ಕೆಲಸ ಹಳೆಯದು. ನಮ್ಮ ಸಮಾಜದ ಹಿರಿಯರು ಅದನ್ನು ಉಜಿರೆಯಲ್ಲಿ ಎಂದೋ ಆರಂಭಿಸಿದ್ದರು.

ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲ ಸ್ಥಾಪಿಸಿದರು. ಕಾಲೇಜು ಬಂದದ್ದು ಆಮೇಲೆ, 1966ರಲ್ಲಿ. ಅಂದರೆ ಮೊದಲು ಊಟ-ವಸತಿ, ನಂತರ ಕಾಲೇಜು. ಈ ಕ್ರಮವೇ ಸರಿ ಎನ್ನಬೇಕು. ಗುರುಕುಲದ ಹುಡುಗರು ತೋಟದ ಕೆಲಸ, ಪ್ರಾರ್ಥನೆ, ಶಿಸ್ತಿನೊಂದಿಗೆ ಓದುತ್ತಾರೆ. ಜಾತಿಭೇದವಿಲ್ಲ. ಡಾ. ವೀರೇಂದ್ರ ಹೆಗ್ಗಡೆಯವರ ಕಾಲದಲ್ಲಿ ಅದೇ ಊರಿಗೆ ಪ್ರಕೃತಿ ಚಿಕಿತ್ಸಾ ಕಾಲೇಜು (1989), ಎಂಜಿನಿಯರಿಂಗ್ ಕಾಲೇಜು (2007) ಬಂದವು. ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆ 1982ರಿಂದಲೇ ಇದೆ.

ಇಲ್ಲಿ ಪೋಷಕರು ಒಂದು ವಿಷಯ ತಿಳಿದಿರಬೇಕು. ಒಂದೇ ಆಡಳಿತ ಮಂಡಳಿ ಇದ್ದರೂ ಪದವಿ ಕಾಲೇಜು ಮಂಗಳೂರು ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಪ್ರಕೃತಿ ಚಿಕಿತ್ಸೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪರೀಕ್ಷೆಯ ವೇಳಾಪಟ್ಟಿ ಬೇರೆ, ಪಠ್ಯ ಬೇರೆ. ಆದ್ದರಿಂದ ಮೈದಾನ, ಹಾಸ್ಟೆಲು ಹಂಚಿಕೊಳ್ಳುವಷ್ಟು ಸುಲಭವಾಗಿ ಪಾಠ ಹಂಚಿಕೊಳ್ಳಲಾಗದು.

ಧಾರವಾಡದ ಸತ್ತೂರಿನಲ್ಲಿ ಈ ತೊಡಕು ಕಡಿಮೆ. ಅಲ್ಲಿ ದಂತ ವೈದ್ಯಕೀಯ ಕಾಲೇಜು 1986ರಲ್ಲಿ, ವೈದ್ಯಕೀಯ ಕಾಲೇಜು 2003ರಲ್ಲಿ ಆರಂಭವಾದವು. ಜೊತೆಗೆ ಫಿಸಿಯೋಥೆರಪಿ, ನರ್ಸಿಂಗ್ ಇವೆ. ಒಂದೇ ಆಸ್ಪತ್ರೆ ಇವೆಲ್ಲಕ್ಕೂ ಪಾಠಶಾಲೆ. 2018ರಲ್ಲಿ ಇವು ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯದ ಅಡಿಗೆ ಬಂದವು. ಧವಳಗಿರಿಯ ಎಂಜಿನಿಯರಿಂಗ್ ಕಾಲೇಜು ಮಾತ್ರ ತಾಂತ್ರಿಕ ವಿಶ್ವವಿದ್ಯಾಲಯದಲ್ಲೇ ಉಳಿದಿದೆ. ಸರ್ಕಾರಿ ಕಾಲೇಜುಗಳಲ್ಲಿ ಬೆಂಗಳೂರಿನ ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯ ಇಂಥದೇ ಪ್ರಯತ್ನ.

ಇನ್ನು ಹಗರಿಬೊಮ್ಮನಹಳ್ಳಿ ಕಡೆಯ ಮಾತು. ಈ ತಾಲ್ಲೂಕಿನ ಕೋಗಳಿ ಒಂದು ಕಾಲದಲ್ಲಿ ಕೋಗಳಿ ಐನೂರು ನಾಡಿನ ಮುಖ್ಯ ಸ್ಥಳ, ಹೆಸರಾಂತ ಜೈನ ಕೇಂದ್ರ. ಅಲ್ಲಿನ ಬಸದಿ ಇಂದಿಗೂ ಇದೆ. ಹನ್ನೊಂದನೇ ಶತಮಾನದ ಶಾಸನದಲ್ಲಿ ಇಂದ್ರಕೀರ್ತಿ ಮುನಿಗಳ ಹೆಸರಿದೆ. ಇಂಥ ನಾಡಿನಲ್ಲಿ ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಪ್ರತಿ ಪಟ್ಟಣದಲ್ಲೂ ಪದವಿ ಕಾಲೇಜು ಇದೆ. ಆದರೆ ಮಗಳು ಬಯಸಿದ ವಿಷಯ ತಮ್ಮ ಊರಿನ ಕಾಲೇಜಿನಲ್ಲಿ ಇಲ್ಲವೆಂದಾಗ ಪಕ್ಕದ ತಾಲ್ಲೂಕಿಗೆ ಕಳಿಸಲು ಹಿಂಜರಿದು ಪಿಯುಸಿಗೇ ನಿಲ್ಲಿಸುವ ಮನೆಗಳು ಈಗಲೂ ಇವೆ. ನಷ್ಟ ಆಗುತ್ತಿರುವುದು ಇಲ್ಲಿ.

ಅನುಕೂಲಗಳು ಇಲ್ಲದಿಲ್ಲ. ಮೊದಲಿಂದಲೂ ಬಳ್ಳಾರಿಗೆ ಸೇರಿದ್ದ ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳಿಗೆ 2010ರಲ್ಲಿ ಆರಂಭವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೇ ಮಾತೃಸಂಸ್ಥೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಮರಳಿತು. 2021ರಿಂದ ಎಲ್ಲವೂ ವಿಜಯನಗರ ಜಿಲ್ಲೆ. ಹೊಸಪೇಟೆ–ಹರಿಹರ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಜೋಡಿಸುತ್ತದೆ. ಕಾಲೇಜಿನ ವೇಳೆಗೆ ಹೊಂದುವ ಒಂದು ಬಸ್ಸು, ಹೆಣ್ಣುಮಕ್ಕಳಿಗೆ ಒಂದು ಸಾಮಾನ್ಯ ಹಾಸ್ಟೆಲು, ಎಲ್ಲ ಕಾಲೇಜಿಗೂ ನಡೆಯುವ ಒಂದೇ ಗ್ರಂಥಾಲಯ ಕಾರ್ಡು, ಇಷ್ಟರಿಂದ ಆರಂಭಿಸಿದರೂ ಸಾಕು. ಕಟ್ಟಡ ಆಮೇಲಿನ ಮಾತು.

ಹೊರಗೆ ಕಳಿಸುವ ಪೋಷಕರು 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಮುಂಚೆಯೇ ಪಡೆಯಬೇಕು. ಕಲ್ಯಾಣ ಕರ್ನಾಟಕದ ಒಳಗೆ ಶೇ. 70, ಹೊರಗಿನ ಜಿಲ್ಲೆಗಳಲ್ಲಿ ಶೇ. 8ರಷ್ಟು ಸೀಟು ಈ ಭಾಗದವರಿಗೆ ಮೀಸಲು. ಸರ್ಕಾರ ಹಂಚುವ ಸೀಟುಗಳಿಗೆ ಇದು ಅನ್ವಯ. ಜೈನರು 2014ರಿಂದ ರಾಷ್ಟ್ರಮಟ್ಟದಲ್ಲೂ ಅಲ್ಪಸಂಖ್ಯಾತರೆಂದು ಅಧಿಸೂಚಿತರಾಗಿರುವುದರಿಂದ ಆ ಪ್ರಮಾಣಪತ್ರವೂ ಜೊತೆಗಿರಲಿ. ಹಾಸ್ಟೆಲು ನೋಡಲು ಹೋದಾಗ ಕೊಠಡಿಯ ಜೊತೆಗೆ ಅಡುಗೆಮನೆಯನ್ನೂ ನೋಡಿ ಬರಬೇಕು. ಸೂರ್ಯಾಸ್ತದ ಮೊದಲು ಊಟ ಸಿಗುತ್ತದೆಯೇ, ಕಂದಮೂಲ ಬಿಟ್ಟವರಿಗೆ ಬೇರೆ ಪಲ್ಯ ಉಂಟೇ, ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವ ಮಕ್ಕಳಿಗೆ ಏನು ವ್ಯವಸ್ಥೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಕೇಳುವುದು ಒಳ್ಳೆಯದು.