ಹತ್ತು ವಿಕೆಟ್ಟುಗಳು ಮತ್ತು ಒಂದು ಓವರ್

ಸೇಡಂ, ಚಿತ್ತಾಪುರಗಳನ್ನೊಳಗೊಂಡ ನಮ್ಮ ಕಲಬುರಗಿ ಸೀಮೆಯ ಹಬ್ಬ ಜಾತ್ರೆಗಳಿಗೆ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಹೊಸದಲ್ಲ. ಅಲ್ಲಿ ಯಾರು ದೊಡ್ಡವರೆಂಬ ಚರ್ಚೆ ಬಹಳ ಹೊತ್ತು ನಡೆಯುವುದಿಲ್ಲ. ಕಲ್ಲು ಒಂದೇ, ಅಂಗಳ ಒಂದೇ, ನೋಡುವ ಕಣ್ಣುಗಳೂ ಅವೇ. ಆದರೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ನೆಲದಲ್ಲಿ ಮೂಡಿದ ದಾಖಲೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಹೊರಟಾಗ ಮಾತು ಸುಲಭವಾಗಿ ಮುಗಿಯುವುದಿಲ್ಲ. ಕ್ರೀಡಾ ಇತಿಹಾಸದ ಮಹಾ ದಾಖಲೆ ಯಾವುದೆಂಬ ಪ್ರಶ್ನೆ ಇಂಥದ್ದೇ. ಕನ್ನಡಿಗರಿಗೆ ಆಪ್ತವಾದ ಒಂದು ದಾಖಲೆಯ ಮೂಲಕ ಅದನ್ನು ಪರಿಶೀಲಿಸಬಹುದು.

ಪುರುಷರ ಟೆಸ್ಟ್ ಕ್ರಿಕೆಟ್ಟಿನಲ್ಲಿ ಒಂದು ಇನ್ನಿಂಗ್ಸಿನ ಹತ್ತೂ ವಿಕೆಟ್ಟುಗಳನ್ನು ಒಬ್ಬನೇ ಪಡೆದ ಸಂದರ್ಭಗಳು ಮೂರೇ. 1956ರ ಜುಲೈಯಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಆಸ್ಟ್ರೇಲಿಯಾದ ವಿರುದ್ಧ 53 ಓಟಗಳಿಗೆ ಹತ್ತು ವಿಕೆಟ್ ಪಡೆದರು. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಪಾಕಿಸ್ತಾನದ ವಿರುದ್ಧ 74 ಓಟಗಳಿಗೆ ಹತ್ತು ಪಡೆದರು. 2021ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್, ತಾವು ಹುಟ್ಟಿದ ಮುಂಬಯಿಯಲ್ಲೇ ಭಾರತದ ವಿರುದ್ಧ 119 ಓಟಗಳಿಗೆ ಹತ್ತು ಪಡೆದರು. ಇವುಗಳಲ್ಲಿ ಹಿರಿದು ಯಾವುದು?

ಅಂಕಿಗಳಷ್ಟನ್ನೇ ನೋಡಿದರೆ ಉತ್ತರ ಕಷ್ಟವಲ್ಲ. ಲೇಕರ್ ಅದೇ ಪಂದ್ಯದ ಮೊದಲ ಇನ್ನಿಂಗ್ಸಿನಲ್ಲೂ ಒಂಬತ್ತು ವಿಕೆಟ್ ಪಡೆದಿದ್ದರು. ಒಂದೇ ಟೆಸ್ಟಿನಲ್ಲಿ ಹತ್ತೊಂಬತ್ತು ವಿಕೆಟ್! ಅದನ್ನು ಇಂದಿಗೂ ಯಾರೂ ಮುಟ್ಟಿಲ್ಲ. ಆದರೆ ಆ ಅಂಕಣವನ್ನು ಸ್ಪಿನ್ನರುಗಳಿಗೆಂದೇ ಸಿದ್ಧಪಡಿಸಲಾಗಿತ್ತೆಂಬ ದೂರು ಆಗಲೇ ಕೇಳಿಬಂದಿತ್ತು. ಅದಕ್ಕೆ ಉತ್ತರವೂ ಆ ಪಂದ್ಯದಲ್ಲೇ ಇದೆ. ಲೇಕರರ ಜೊತೆಗಾರ ಟೋನಿ ಲಾಕ್ ಕೂಡ ಹೆಸರಾಂತ ಸ್ಪಿನ್ನರ್. ಅದೇ ಅಂಕಣದಲ್ಲಿ ಲೇಕರ್ 68 ಓವರ್ ಎಸೆದರೆ ಲಾಕ್ 69 ಓವರ್ ಎಸೆದರು. ಅವರಿಗೆ ದೊರೆತದ್ದು ಒಂದೇ ವಿಕೆಟ್. ನೆಲ ಇಬ್ಬರಿಗೂ ಸಮಾನವಾಗಿತ್ತು, ಫಲ ಸಮಾನವಾಗಿರಲಿಲ್ಲ.

ಕೋಟ್ಲಾದ ಕಥೆ ಬೇರೆ. ಚೆನ್ನೈಯ ಟೆಸ್ಟಿನಲ್ಲಿ ಭಾರತ 12 ಓಟಗಳಿಂದ ಸೋತಿತ್ತು. 1980ರಿಂದೀಚೆಗೆ ಪಾಕಿಸ್ತಾನದ ವಿರುದ್ಧ ಒಂದೂ ಟೆಸ್ಟ್ ಗೆದ್ದಿರಲಿಲ್ಲ. ಪ್ರವಾಸವನ್ನು ವಿರೋಧಿಸಿದವರು ಕೋಟ್ಲಾದ ಅಂಕಣವನ್ನು ಜನವರಿಯಲ್ಲಿ ಅಗೆದು ಹಾಳುಮಾಡಿದ್ದರು. ತರಾತುರಿಯಲ್ಲಿ ಅದನ್ನು ಸರಿಪಡಿಸಲಾಗಿತ್ತು. 420 ಓಟಗಳ ಗುರಿ ಬೆನ್ನಟ್ಟಿದ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ಗಳಿಸಿತ್ತು. ಅಲ್ಲಿಂದ ಕುಂಬ್ಳೆಯವರ ಚೆಂಡು ಮಾತಾಡತೊಡಗಿತು. 128 ಆಗುವಷ್ಟರಲ್ಲಿ ಆರು ವಿಕೆಟ್ಟುಗಳು ಉರುಳಿದವು.

ಒಂಬತ್ತನೆಯ ವಿಕೆಟ್ ಬಿದ್ದದ್ದು ಕುಂಬ್ಳೆಯವರ ಓವರಿನ ಕೊನೆಯ ಚೆಂಡಿಗೆ. ಮುಂದಿನ ಓವರ್ ಮೈಸೂರಿನ ಜಾವಗಲ್ ಶ್ರೀನಾಥ್ ಅವರದು. ದೇಶದ ಅತಿ ವೇಗದ ಬೌಲರುಗಳಲ್ಲಿ ಒಬ್ಬರಾಗಿದ್ದ ಅವರು ವಿಕೆಟ್ ಸಿಗದಿರಲೆಂದೇ ಚೆಂಡನ್ನು ಸ್ಟಂಪುಗಳಿಂದ ದೂರ ದೂರ ಎಸೆದರು. ಬಳಿಕ ಕುಂಬ್ಳೆಯವರ ಮೂರನೆಯ ಚೆಂಡಿಗೆ ವಾಸಿಂ ಅಕ್ರಂ ಲಕ್ಷ್ಮಣರಿಗೆ ಕ್ಯಾಚಿತ್ತರು. ಪಾಕಿಸ್ತಾನ 207ಕ್ಕೆ ಮುಗಿಯಿತು. ಭಾರತ 212 ಓಟಗಳಿಂದ ಗೆದ್ದಿತು.

ಇಲ್ಲಿಯೇ ಚರ್ಚೆಯ ಗಂಟು ಇರುವುದು. ಜೊತೆಗಾರ ಕೈಬಿಟ್ಟು ಕೊಟ್ಟ ಹತ್ತನೆಯ ವಿಕೆಟ್ಟಿಗೆ ಪೂರ್ಣ ಬೆಲೆ ಉಂಟೇ? ಆಟಗಾರನು ತನ್ನ ಶಕ್ತಿಮೀರಿ ಆಡಬೇಕೆಂಬ ನಿಯತ್ತಿಗೆ ಅದು ಭಂಗವಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಲಾಕ್ ಕೊನೆಯ ಚೆಂಡಿನವರೆಗೂ ವಿಕೆಟ್ಟಿಗಾಗಿ ಹೆಣಗಿದರು. ಆದ್ದರಿಂದ ಸಾಮರ್ಥ್ಯದ ಅಳತೆಯಾಗಿ ಲೇಕರರ ದಾಖಲೆಯೇ ಹಿರಿದೆಂದು ಒಪ್ಪುವುದು ನ್ಯಾಯ. ಆದರೆ ಶ್ರೀನಾಥ್ ತಮ್ಮ ತಂಡಕ್ಕೆ ವಂಚಿಸಲಿಲ್ಲ. ಒಂಬತ್ತು ವಿಕೆಟ್ ಕಳೆದುಕೊಂಡು 198ರಲ್ಲಿ ನಿಂತಿದ್ದ ಎದುರಾಳಿಗೆ 420 ಕೈಗೆಟುಕುವಂತಿರಲಿಲ್ಲ. ಅವರು ಬಿಟ್ಟುಕೊಟ್ಟದ್ದು ಪಂದ್ಯವನ್ನಲ್ಲ, ತಮಗೆ ಸಲ್ಲಬಹುದಾಗಿದ್ದ ಒಂದು ವಿಕೆಟ್ಟನ್ನು. ಉಳಿದ ಒಂಬತ್ತನ್ನು ಯಾರೂ ಕುಂಬ್ಳೆಯವರಿಗೆ ದಾನ ಕೊಟ್ಟಿರಲಿಲ್ಲ.

ಇನ್ನು ಎಜಾಜ್ ಪಟೇಲ್. ಹತ್ತು ವಿಕೆಟ್ ಪಡೆದೂ ಸೋತವರು ಅವರೊಬ್ಬರೇ. ಅವರ ಸಾಹಸದ ಬೆನ್ನಲ್ಲೇ ಅವರ ತಂಡ 62 ಓಟಗಳಿಗೆ ಕುಸಿಯಿತು; ಪಂದ್ಯವನ್ನು 372 ಓಟಗಳಿಂದ ಕಳೆದುಕೊಂಡಿತು. ಗೆಲುವಿನ ಕಿರೀಟವಿಲ್ಲದ ಮಾತ್ರಕ್ಕೆ ಆ ಹತ್ತು ಕಡಿಮೆಯಾದೀತೇ?

ದಾಖಲೆಯ ಪುಸ್ತಕವು ಒಬ್ಬನ ಹೆಸರನ್ನೂ ಒಂದು ಅಂಕಿಯನ್ನೂ ಮಾತ್ರ ಉಳಿಸಿಕೊಳ್ಳುತ್ತದೆ. ಲಾಕರ ಬೆವರಿಗೂ ಶ್ರೀನಾಥರ ಸಂಯಮಕ್ಕೂ ಅದರಲ್ಲಿ ಅಂಕಣವಿಲ್ಲ. ಆ ಇನ್ನಿಂಗ್ಸಿನಲ್ಲಿ ಶ್ರೀನಾಥರ ಹೆಸರಿನ ಮುಂದೆ ಕಾಣುವುದು ಸೊನ್ನೆ ವಿಕೆಟ್. ಶಹಾಬಾದಿನ ಹಾಸುಗಲ್ಲಿನ ಮೇಲೆ ನಡೆಯುವವರು ಅದನ್ನು ಗಣಿಯಿಂದ ಸೀಳಿ ತೆಗೆದವನ ಹೆಸರು ಕೇಳುವುದುಂಟೇ? ಹಾಗೆಂದು ಅವನ ಶ್ರಮ ಸುಳ್ಳಾಗುವುದಿಲ್ಲ. ಮಹಾ ದಾಖಲೆ ಯಾವುದೆಂದು ವಾದಿಸುವಾಗಲೆಲ್ಲ ಅಂಕಿಯ ಪಕ್ಕದಲ್ಲಿ ನಿಂತಿದ್ದವರು ಯಾರು, ಅವರು ಏನನ್ನು ಕೊಟ್ಟರು ಎಂದೂ ಕೇಳೋಣ. ಆಗ ವಾದ ಮುಗಿಯದಿದ್ದರೂ ನಮ್ಮ ತಕ್ಕಡಿ ತುಸು ನೇರವಾದೀತು.