ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ: ಭಾರತದಲ್ಲಿನ ಕೊರತೆಗಳು

ದೇಹದ ಬೆಳವಣಿಗೆ, ಮುಟ್ಟು, ಸಂತಾನೋತ್ಪತ್ತಿ, ಸಮ್ಮತಿ, ಸಂಬಂಧ, ಸುರಕ್ಷತೆ ಇವುಗಳ ಬಗ್ಗೆ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಕೊಡುವ ತಿಳಿವಳಿಕೆಯೇ ಲೈಂಗಿಕ ಶಿಕ್ಷಣ. ಯುನೆಸ್ಕೊ 2009ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದನ್ನು ಐದನೇ ವಯಸ್ಸಿನಿಂದಲೇ ಹಂತಹಂತವಾಗಿ ಕಲಿಸಬೇಕೆನ್ನುತ್ತದೆ. ಭಾರತದ ಬಹುಪಾಲು ಶಾಲೆಗಳಲ್ಲಿ ಇದು ವಿಜ್ಞಾನದ ಒಂದು ಪಾಠಕ್ಕೆ ಸೀಮಿತವಾಗಿದೆ.

ಕೇಂದ್ರ ಸರ್ಕಾರ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಎಚ್‌ಐವಿ ತಡೆಯುವ ಉದ್ದೇಶ ಅದರ ಹಿಂದಿದ್ದುದರಿಂದ ರೋಗದ ಭಯವೇ ಮುಂದಾಯಿತು. ಪ್ರೀತಿ, ಸಮ್ಮತಿ, ಪರಸ್ಪರ ಗೌರವದ ಮಾತು ಹಿಂದೆ ಬಿತ್ತು. ಅಷ್ಟಕ್ಕೂ ಉಳಿಗಾಲ ಸಿಗಲಿಲ್ಲ. 2007ರಲ್ಲಿ ಚಿತ್ರಗಳು ಅಶ್ಲೀಲ, ವಿಷಯ ನಮ್ಮ ಸಂಸ್ಕೃತಿಗೆ ವಿರುದ್ಧ ಎಂಬ ಆಕ್ಷೇಪ ಎದ್ದು, ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಅದೇ ವರ್ಷ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಅಧ್ಯಯನವೊಂದು ಹೊರಬಂದಿತ್ತು: 13 ರಾಜ್ಯಗಳ 12,447 ಮಕ್ಕಳಲ್ಲಿ ಶೇ 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದನ್ನು ಹೇಳಿಕೊಂಡಿದ್ದರು. ಎಸಗಿದವರಲ್ಲಿ ಅರ್ಧದಷ್ಟು ಜನ ಮಕ್ಕಳಿಗೆ ಪರಿಚಿತರೇ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾರ್ಯಕ್ರಮವನ್ನು ತಡೆದ ನಿರ್ಧಾರದ ಕ್ರೌರ್ಯ ತಿಳಿಯುತ್ತದೆ. 2009ರಲ್ಲಿ ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು.

ಪಠ್ಯದಲ್ಲಿ ಏನೂ ಇಲ್ಲವೆನ್ನಲಾಗದು. ಹತ್ತನೇ ತರಗತಿಯ ವಿಜ್ಞಾನ ಪಾಠ ಅಮೀಬಾದ ವಿದಳನ, ಹೂವಿನ ಪರಾಗಸ್ಪರ್ಶ ದಾಟಿ ಮನುಷ್ಯನ ಜನನಾಂಗ, ಗರ್ಭನಿರೋಧಕಗಳವರೆಗೂ ಬರುತ್ತದೆ. ಆದರೆ ಅಲ್ಲಿಗೆ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುಗಿಸುವ ತರಗತಿಗಳಿಗೆ ಕೊರತೆಯಿಲ್ಲ. ಆ ಹೊತ್ತಿಗೆ ಹುಡುಗಿ ಮೈನೆರೆದು ಎರಡು ಮೂರು ವರ್ಷವಾಗಿರುತ್ತದೆ. ಆರತಿ ಎತ್ತಿಸಿಕೊಂಡಿರುತ್ತಾಳೆ, ವಿವರಣೆ ಸಿಕ್ಕಿರುವುದಿಲ್ಲ. ಹುಡುಗನಿಗೆ ಆ ಶಾಸ್ತ್ರವೂ ಇಲ್ಲ. ಮುಟ್ಟಿನ ಬಗ್ಗೆ ಹೇಳುವಾಗ ಅವನನ್ನು ಹೊರಗೆ ಕಳಿಸುವ ರೂಢಿಯಿದೆ. ಸ್ವಪ್ನಸ್ಖಲನವನ್ನು ರೋಗವೆಂದು ಹೆದರಿದವನಿಗೆ ಉತ್ತರ ಕೊಡಲು ಬಸ್ ನಿಲ್ದಾಣದ ಗೋಡೆಯ ‘ಗುಪ್ತರೋಗ’ ಜಾಹೀರಾತು, ಈಗ ಮೊಬೈಲ್‌ನ ಅಶ್ಲೀಲ ವಿಡಿಯೊ ಕಾದಿರುತ್ತವೆ.

ಕನ್ನಡ ತರಗತಿಗೆ ಭಾಷೆಯ ತೊಡಕೂ ಇದೆ. ಜನನಾಂಗಗಳಿಗೆ ಪುಸ್ತಕದಲ್ಲಿರುವುದು ಸಂಸ್ಕೃತ ಪದ, ಬೀದಿಯಲ್ಲಿರುವುದು ಬೈಗುಳ. ಮೇಷ್ಟ್ರು, ಮಕ್ಕಳು ಇಬ್ಬರೂ ಸಂಕೋಚವಿಲ್ಲದೆ ಆಡಬಹುದಾದ ನಡುವಿನ ಮಾತು ಬೆಳೆದಿಲ್ಲ. ಮುಟ್ಟಿಗಂತೂ ‘ಕಾಗೆ ಮುಟ್ಟಿತು’, ‘ಹೊರಗಾಗಿದ್ದಾಳೆ’ ಎಂಬ ಮರೆಮಾಚುವ ಮಾತುಗಳೇ ಹೆಚ್ಚು. ಇದು ಬರಿಯ ಶಬ್ದದ ಸಮಸ್ಯೆಯಲ್ಲ. ಯಾರೋ ಎಲ್ಲಿ ಮುಟ್ಟಿದರೆಂದು ಹೇಳಲು ಮಗುವಿಗೆ ಪದವೇ ಇಲ್ಲದಿದ್ದರೆ ದೂರು ಹುಟ್ಟುವುದಾದರೂ ಹೇಗೆ? ವೈದ್ಯೆ ಅನುಪಮಾ ನಿರಂಜನ ಈ ವಿಷಯಗಳನ್ನು ಕನ್ನಡದಲ್ಲಿ ಬಿಡಿಸಿ ಬರೆದರು. ಆದರೆ ಅವರ ‘ದಾಂಪತ್ಯ ದೀಪಿಕೆ’ ಹೆಸರೇ ಹೇಳುವಂತೆ ದಂಪತಿಗಳಿಗಾಗಿ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಸಮ್ಮತಿಯ ವಯಸ್ಸನ್ನು 18 ಮಾಡಿತು. ಅಪರಾಧ ನಡೆದುದು ತಿಳಿದವರು ವರದಿ ಮಾಡಲೇಬೇಕು. ದೌರ್ಜನ್ಯ ಬಯಲಿಗೆ ಬರಲು ಇದು ಅಗತ್ಯ. ಆದರೆ ಹದಿನಾರರ ಹುಡುಗಿ ತನ್ನ ಗೆಳೆತನದ ಬಗ್ಗೆ ಶಿಕ್ಷಕಿಯಲ್ಲಿ ಸಲಹೆ ಕೇಳಲು ಹೋದರೆ ಮಾತು ಪೊಲೀಸ್ ಠಾಣೆಗೆ ಹೋಗಬಹುದೆಂಬ ಅಂಜಿಕೆ ಇಬ್ಬರನ್ನೂ ಸುಮ್ಮನಾಗಿಸುತ್ತದೆ.

ಭಿನ್ನ ಲಿಂಗತ್ವದ ಮಕ್ಕಳಿಗೆ ಪಾಠದಲ್ಲಿ ಜಾಗವೇ ಇಲ್ಲ. ಅವರನ್ನು ಒಳಗೊಳ್ಳುವ ಬಗ್ಗೆ ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ 2021ರಲ್ಲಿ ತಂದ ಕೈಪಿಡಿ ವಿರೋಧ ಬಂದೊಡನೆ ಜಾಲತಾಣದಿಂದ ಮರೆಯಾಯಿತು. ಅಂಗವಿಕಲ ಮಕ್ಕಳ ವಿಷಯದಲ್ಲೂ ಇದೇ ಮೌನ.

ಕೊರತೆ ತುಂಬುವ ಪ್ರಯತ್ನಗಳೂ ನಡೆದಿವೆ. ಕೇಂದ್ರ ಸರ್ಕಾರದ 2020ರ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡುವ ಗುರಿ ಹೊಂದಿದೆ. ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ 2022ರಲ್ಲಿ ಒಂಬತ್ತನೇ ತರಗತಿಯಿಂದ ಪೋಕ್ಸೊ ಅರಿವು ಮೂಡಿಸಲು ಸೂಚಿಸಿತು. ಅದು ಕಾನೂನಿನ ಪಾಠ. ದೇಹದ ಪಾಠ ಅದಕ್ಕೆ ಮೊದಲು ಬೇಕು. ಒಂಬತ್ತನೇ ತರಗತಿಯವರೆಗೆ ಕಾಯದೆ ಚಿಕ್ಕ ವಯಸ್ಸಿನಿಂದಲೇ ಲೈಂಗಿಕ ಶಿಕ್ಷಣ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. ಕಾಯಬಾರದೆನ್ನಲು ಇನ್ನೊಂದು ಕಾರಣವೂ ಇದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಶಾಲೆ ಬಿಟ್ಟು ಹಸೆಮಣೆ ಏರಿದ ಹುಡುಗಿಗೆ ಮೇಲಿನ ತರಗತಿಯ ಪಾಠ ತಲುಪುವುದಿಲ್ಲ.