ನ್ಯೂಟ್ರಾನಿನ ಖಾತೆ



ತೇನಿ ಜಿಲ್ಲೆಯ ಪೊಟ್ಟಿಪುರದ ಬೆಟ್ಟದೊಳಗೆ ನ್ಯೂಟ್ರಿನೋ ಪ್ರಯೋಗಾಲಯ ಕಟ್ಟುವ ಯೋಜನೆ ಬಂದಾಗ ನಮ್ಮ ಕಡೆ ವಿಕಿರಣದ ಭಯ ಹಬ್ಬಿತು. ನ್ಯೂಟ್ರಿನೋ, ನ್ಯೂಟ್ರಾನ್ ಎರಡೂ ಒಂದೇ ಥರ ಕೇಳಿದರೂ ಗುಣ ಬೇರೆ. ನ್ಯೂಟ್ರಿನೋ ನಮ್ಮ ಮೈಯನ್ನು ಏನೂ ಮಾಡದೆ ದಾಟಿಹೋಗುತ್ತದೆ. ನ್ಯೂಟ್ರಾನ್ ಹಾಗಲ್ಲ.

ಸೂರ್ಯನಲ್ಲಿರುವಂಥ ಬೀಜ ಸಮ್ಮಿಲನವನ್ನು ಭೂಮಿಯ ಮೇಲೆ ಮಾಡಿಸುವ ಯಂತ್ರಗಳಲ್ಲಿ ನ್ಯೂಟ್ರಾನುಗಳು ಉಕ್ಕಿನ ಗೋಡೆಗೆ ಬಡಿಯುತ್ತವೆ. ಯಂತ್ರ ನಿಲ್ಲಿಸಿದ ಮೇಲೂ ಆ ಉಕ್ಕೇ ವಿಕಿರಣ ಸೂಸುತ್ತದೆ. ಹಾಗಾದರೆ ರಿಪೇರಿಗೆ ಒಳಗೆ ಹೋಗುವ ಫಿಟ್ಟರನ ಗತಿಯೇನು?

ಇಂಗ್ಲೆಂಡಿನ ಕಲ್ಹ್ಯಾಮ್‌ನಲ್ಲಿದ್ದ ‘ಜೆಟ್’ ಯಂತ್ರ 1997ರಲ್ಲಿ 16 ಮೆಗಾವಾಟ್ ಸಮ್ಮಿಲನ ಶಕ್ತಿ ಕೊಟ್ಟು ದಾಖಲೆ ಮಾಡಿತು. ಅದು ಲೋಕಕ್ಕೆಲ್ಲ ತಿಳಿಯಿತು. 1998ರಲ್ಲಿ ನಡೆದದ್ದು ಅಷ್ಟು ಜನಕ್ಕೆ ತಿಳಿಯಲಿಲ್ಲ. ಯಂತ್ರದ ತಳಭಾಗವನ್ನು ಒಬ್ಬರೂ ಒಳಗೆ ಹೋಗದೆ ಬಿಚ್ಚಿ, ಹೊಸದನ್ನು ಜೋಡಿಸಿದರು. ಉದ್ದನೆಯ ತೋಳಿನ ತುದಿಯಲ್ಲಿ ಎರಡು ಯಂತ್ರಗೈಗಳಿದ್ದವು. ದೂರದ ಕೋಣೆಯಲ್ಲಿ ಕೂತವರು ಕ್ಯಾಮೆರಾ ಚಿತ್ರ ನೋಡುತ್ತ ಅವನ್ನು ಆಡಿಸಿದರು. ಬೋಲ್ಟಿನ ಬಿಗಿ ಅವರ ಕೈಗೂ ತಿಳಿಯುತ್ತಿತ್ತು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಇದರ ಬೆಲೆ ಗೊತ್ತು. ಕೆಲಸಗಾರನ ವಿಕಿರಣದ ಖಾತೆಯಲ್ಲಿ ಜಮಾ ಉಂಟು, ವಾಪಸಾತಿ ಇಲ್ಲ. ನಮ್ಮ ದೇಶದ ನಿಯಮದಂತೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಮಿತಿಯೊಳಗಿದ್ದರೂ ಸಾಲದು, ಆದಷ್ಟು ಕಡಿಮೆಯಾಗಬೇಕು.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ‘ಈಟರ್’ ಯಂತ್ರಕ್ಕೆ 2005ರಿಂದ ಭಾರತವೂ ಪಾಲುದಾರ. ಅಲ್ಲಿ ಒಳಗಿನ ದುರಸ್ತಿಯನ್ನು ಯಂತ್ರಗೈಗಳಿಗೇ ಬಿಡುವಂತೆ ಮೊದಲೇ ರೂಪಿಸಿದ್ದಾರೆ. ಮನುಷ್ಯನ ಖಾತೆಯಲ್ಲಿ ಬರೆಯುವುದೇ ಇಲ್ಲದಿದ್ದರೆ ಅದಕ್ಕಿಂತ ಒಳ್ಳೆಯ ಲೆಕ್ಕ ಯಾವುದು?